ಮೈಸೂರು ಶೈಲಿಯ ಕೈ ಮತ್ತು ಡಿಜಿಟಲ್ ಪರದೆ

ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಕೈ ಪಳಗಿಸಿಕೊಂಡ ಕಲಾವಿದರು ಡಿಜಿಟಲ್ ಚಿತ್ರರಚನೆಯನ್ನು ಕಲಿಯಲು ಹೊರಟಾಗ ಅವರ ಹಳೆಯ ವಿದ್ಯೆಯಲ್ಲಿ ಯಾವುದು ಜೊತೆಗೆ ಬರುತ್ತದೆ, ಯಾವುದು ಬಾರದೆ ಉಳಿಯುತ್ತದೆ, ಬಾರದೆ ಉಳಿದದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳು ಈ ಉಪನ್ಯಾಸದ ವಿಷಯ. ಡಿಜಿಟಲ್ ಚಿತ್ರರಚನೆ ಎಂದರೆ ಇಲ್ಲಿ ಕಂಪ್ಯೂಟರ್, ಟ್ಯಾಬ್ ಅಥವಾ ಮೊಬೈಲಿನ ಪರದೆಗಾಗಿ ಡಿಜಿಟಲ್ ಪೆನ್ನಿನಿಂದ ಕೈಯಾರೆ ಬರೆಯುವ ಚಿತ್ರ ಎಂದಷ್ಟೇ ಅರ್ಥ. ಛಾಯಾಚಿತ್ರವನ್ನು ತಿದ್ದುವುದಾಗಲಿ, ನಾಲ್ಕು ಪದ ಟೈಪ್ ಮಾಡಿ ಯಂತ್ರದಿಂದ ಚಿತ್ರ ಬರಿಸಿಕೊಳ್ಳುವುದಾಗಲಿ ಅದರೊಳಗೆ ಸೇರುವುದಿಲ್ಲ. ಸಂಪ್ರದಾಯಕ್ಕೆ ನಿದರ್ಶನವಾಗಿ ಮೈಸೂರು ಶೈಲಿಯ ಚಿತ್ರಕಲೆಯನ್ನು ಇಟ್ಟುಕೊಳ್ಳಲಾಗಿದೆ. 1565ರ ನಂತರ ವಿಜಯನಗರದ ಆಸರೆ ತಪ್ಪಿದ ಚಿತ್ರಗಾರ ಮನೆತನಗಳು ಶ್ರೀರಂಗಪಟ್ಟಣಕ್ಕೆ ಬಂದು, ರಾಜ ಒಡೆಯರ ಕಾಲದಿಂದ ಅರಮನೆಯ ಆಶ್ರಯದಲ್ಲಿ ಬೆಳೆಸಿದ ಈ ಶೈಲಿಯನ್ನು ಇಂದು ಹುಟ್ಟಿನಿಂದ ಚಿತ್ರಗಾರರಲ್ಲದ ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ತರಗತಿಗಳಲ್ಲಿ ಕಲಿತು ಮುಂದುವರಿಸುತ್ತಿದ್ದಾರೆ. ಹಾಗೆ ಕಲಿತವರಲ್ಲಿ ಹಲವರಿಗೆ ಪುಸ್ತಕದ ಮುಖಪುಟ, ಮದುವೆಯ ಕರೆಯೋಲೆ, ಪಠ್ಯಪುಸ್ತಕದ ಚಿತ್ರ ಮುಂತಾದ ಕೆಲಸಗಳು ಬರುವುದು ಈಗ ಡಿಜಿಟಲ್ ರೂಪದಲ್ಲಿಯೇ ಆದ್ದರಿಂದ ಈ ಪ್ರಶ್ನೆಗಳು ಅವರ ಅನ್ನದ ಪ್ರಶ್ನೆಗಳೂ ಹೌದು.

ಸಲಕರಣೆ ಬದಲಾದರೆ ಸಂಪ್ರದಾಯ ಕೆಡುತ್ತದೆ ಎಂಬ ಭಯವನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಸಾಕ್ಷ್ಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಈ ಸೀಮೆಯಲ್ಲಿಯೇ ಇದೆ. ನರಸೀಪುರ ತಾಲ್ಲೂಕಿನ ತಲಕಾಡಿನ ವೈದ್ಯೇಶ್ವರ ದೇವಾಲಯ ಗ್ರಾನೈಟಿನದು. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಬಳಪದ ಕಲ್ಲಿನದು. ಗ್ರಾನೈಟು ಉಳಿಗೆ ಸುಲಭವಾಗಿ ಮಣಿಯದ ಕಾರಣ ಶಿಲ್ಪಿ ಅಲ್ಲಿ ದೊಡ್ಡ ಮೈಗಳನ್ನು, ಗಟ್ಟಿ ಅಂಚುಗಳನ್ನು ನೆಚ್ಚಿಕೊಂಡರೆ, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲು ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಅವಕಾಶ ಕೊಟ್ಟಿತು. ಸೋಮನಾಥಪುರದ ಹಲವು ಮೂರ್ತಿಗಳ ಕೆಳಗೆ ತನ್ನ ಹೆಸರು ಕೊರೆದಿರುವ ಮಲ್ಲಿತಮ್ಮನಂಥ ಶಿಲ್ಪಿಯ ನಯವಾದ ಕೆಲಸವನ್ನು ಆ ಕಲ್ಲಿನಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ಕಲ್ಲು ಬೇರೆಯಾದಾಗ ಕೈಯ ಅಭ್ಯಾಸ ಬೇರೆಯಾಯಿತು, ಆದರೆ ಮೂರ್ತಿಗಳ ಲಕ್ಷಣಶಾಸ್ತ್ರ, ಅಂದರೆ ಯಾವ ದೇವತೆಗೆ ಎಷ್ಟು ಕೈ, ಯಾವ ಕೈಗೆ ಯಾವ ಆಯುಧ, ನಿಲುವು ಹೇಗೆ ಎಂದು ಹೇಳುವ ವಿದ್ಯೆ, ಎರಡೂ ಕಡೆ ಶಿಲ್ಪಿಯ ಬೆನ್ನಿಗೆ ನಿಂತಿತು.

ಇದಕ್ಕಿಂತಲೂ ನೇರವಾದ ನಿದರ್ಶನ ಹತ್ತೊಂಬತ್ತನೆಯ ಶತಮಾನದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸಿದ್ಧಪಡಿಸಿದ ಶ್ರೀತತ್ತ್ವನಿಧಿ ಎಂಬ ಬೃಹತ್ ಗ್ರಂಥದಲ್ಲಿ ಒಂಬತ್ತು ನಿಧಿಗಳಿದ್ದು, ದೇವತೆಗಳ ಧ್ಯಾನಶ್ಲೋಕಗಳೂ ಅವುಗಳಿಗೆ ಅನುಗುಣವಾದ ಬಣ್ಣದ ಚಿತ್ರಗಳೂ ಒಟ್ಟಿಗೆ ಬರುತ್ತವೆ. ಧ್ಯಾನಶ್ಲೋಕವೆಂದರೆ ಉಪಾಸಕನು ಮನಸ್ಸಿನಲ್ಲಿ ಕಂಡುಕೊಳ್ಳಬೇಕಾದ ರೂಪವನ್ನು ಅಂಗಾಂಗವಾಗಿ ವರ್ಣಿಸುವ ಪದ್ಯ; ಚಿತ್ರಗಾರನಿಗೆ ಅದೇ ಕೆಲಸದ ನಕ್ಷೆ. ಈ ಗ್ರಂಥದಲ್ಲಿ ಗಣಪತಿಯ ಮೂವತ್ತೆರಡು ರೂಪಗಳು ಚಿತ್ರಿತವಾಗಿವೆ, ಅದೇ ಮೂವತ್ತೆರಡು ರೂಪಗಳು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿಯೂ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದಲ್ಲಿಯೂ ಕಲ್ಲಿನಲ್ಲಿ ನಿಂತಿವೆ. ಒಂದೇ ಶ್ಲೋಕ ಕಾಗದದಲ್ಲಿ ಬಣ್ಣವಾಯಿತು, ಪ್ರಾಕಾರದಲ್ಲಿ ಕಲ್ಲಾಯಿತು. ಕಾಗದದ ಗಣಪತಿಗೆ ಮೈಬಣ್ಣವುಂಟು, ಕೆಂಪೋ ಬಿಳಿಯೋ ಹೊಂಬಣ್ಣವೋ ಎಂದು ಶ್ಲೋಕವೇ ಹೇಳುತ್ತದೆ. ಕಲ್ಲಿನ ಗಣಪತಿಗೆ ಆ ಬಣ್ಣ ದಕ್ಕುವುದಿಲ್ಲ. ಅದಕ್ಕೆ ಬದಲಾಗಿ ಕಲ್ಲಿಗೆ ಸುತ್ತಳತೆಯಿದೆ, ಎಣ್ಣೆ ಹಿಡಿದ ಮೈಯ ಮೇಲೆ ದೀಪದ ಬೆಳಕು ಹೊರಳುವ ಗುಣವಿದೆ. ಹೀಗೆ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಕಳೆದುಕೊಳ್ಳುವುದು ಯಾವುದು, ಪಡೆದುಕೊಳ್ಳುವುದು ಯಾವುದು ಎಂಬ ಲೆಕ್ಕವನ್ನು ಮೈಸೂರಿನ ಕಲಾವಿದರು ಪರದೆ ಹುಟ್ಟುವುದಕ್ಕೆ ಒಂದು ಶತಮಾನ ಮೊದಲೇ ಮಾಡಿದ್ದಾರೆ. ಗ್ರಂಥದ ಚಿತ್ರವನ್ನೂ ಕಲ್ಲಿನ ಮೂರ್ತಿಯನ್ನೂ ಪಕ್ಕಪಕ್ಕಕ್ಕೆ ಇಟ್ಟು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಮಾಧ್ಯಮದ ಬದಲಾವಣೆ ಎಂದರೇನು ಎಂಬುದನ್ನು ಯಾವ ಸಾಫ್ಟ್‌ವೇರ್ ಪಾಠಕ್ಕಿಂತಲೂ ಚೆನ್ನಾಗಿ ತಿಳಿಸುವ ಶಾಲೆ ನಂಜನಗೂಡಿನಲ್ಲಿಯೇ ಇದೆ.

ಮುದ್ರಣದ ಕಾಲದ ಅನುಭವ ಇಷ್ಟು ಸುಖದ್ದಾಗಿರಲಿಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ದೇವತೆಗಳ ಬಣ್ಣದ ಪಟಗಳು ಅಗ್ಗವಾಗಿ ಮನೆಮನೆಗೆ ಬಂದಾಗ, ಮನೆಯ ದೇವರಗೂಡಿಗೆ ಪಟ ಬರೆದುಕೊಡುತ್ತಿದ್ದ ಚಿತ್ರಗಾರರ ಕೆಲಸಕ್ಕೆ ಪೆಟ್ಟು ಬಿತ್ತು. ಆ ಪಟಗಳನ್ನು ಅಚ್ಚು ಹಾಕುತ್ತಿದ್ದ ಬಗೆಯನ್ನು ಇಲ್ಲಿ ನೆನೆಯುವುದು ಉಪಯುಕ್ತ: ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಹಲಗೆ ಮಾಡಿ, ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಕಾಗದವನ್ನು ಮತ್ತೆಮತ್ತೆ ಒತ್ತಿ ಚಿತ್ರ ತೆಗೆಯುತ್ತಿದ್ದರು. ಚಿತ್ರವನ್ನು ಪದರಗಳಾಗಿ ಬಿಡಿಸಿ ಯೋಚಿಸುವ ಇಂದಿನ ಡಿಜಿಟಲ್ ಪದ್ಧತಿಯ ಮೂಲ ಈ ಕಲ್ಲಚ್ಚಿನಲ್ಲಿಯೇ ಕಾಣುತ್ತದೆ. ಆದರೆ ಹೊಸ ಮಾಧ್ಯಮಗಳಿಗೆ ಕೈ ಒಗ್ಗಿಸಿಕೊಂಡವರೂ ಇದ್ದರು. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಜಲವರ್ಣದ ಹೊಸ ಪದ್ಧತಿಯನ್ನು ಕಲಿತು, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಇಂಗ್ಲಿಷ್ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದರು. ಮೈಸೂರು ಅರಮನೆಗೆ ಗಾರೆಯ ಉಬ್ಬುಶಿಲ್ಪಗಳನ್ನೂ ಮಾಡಿದರು. ಚಂದಮಾಮದ ಮುಖಪುಟಗಳಲ್ಲಿ ಮಹಾಭಾರತವನ್ನು ಬಿಡಿಸಿ ಮಕ್ಕಳ ಮನಸ್ಸಿನಲ್ಲಿ ನಿಲ್ಲಿಸಿದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಿಕ್ಷಣ ನಡೆಸಿದರು. ಗುರುವಿನ ಪಕ್ಕ ಕೂರಲಾಗದ ಹಳ್ಳಿಯ ಹುಡುಗರಿಗೂ ಪಾಠ ತಲುಪಿಸಬಹುದು ಎಂಬುದು ಅಲ್ಲಿಂದಲೇ ಸಿದ್ಧವಾಗಿರುವಾಗ, ಮೊಬೈಲಿನಲ್ಲಿ ಪಾಠ ನೋಡಿ ಕಲಿಯುವವರನ್ನು ಅರೆಕಲಿಕೆಯವರೆಂದು ಬಗೆಯುವುದು ನ್ಯಾಯವಲ್ಲ.

ಇನ್ನು ಮೈಸೂರು ಶೈಲಿಯ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಡಿಜಿಟಲ್ ಕಲಿಕೆಗೆ ಬೇಕಾದ ಬೆನ್ನೆಲುಬು ಅದರಲ್ಲಿದೆ. ಹಲಗೆಗೆ ಬಟ್ಟೆ, ಬಟ್ಟೆಗೆ ಕಾಗದ ಅಂಟಿಸಿ ನೆಲೆಯನ್ನು ಸಿದ್ಧಪಡಿಸಿದ ಮೇಲೆ, ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿಕೊಂಡ ಇದ್ದಿಲಿನಿಂದ ರೂಪರೇಖೆ ಬರೆಯುವುದು ಹಳೆಯ ರೂಢಿ. ಈ ಹಂತದಲ್ಲಿ ತಪ್ಪಿದ ಗೆರೆಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ರೂಪ ನಿಶ್ಚಯವಾದ ನಂತರ ಆಕಾಶ, ಬೆಟ್ಟ, ನದಿಗಳಂಥ ಹಿನ್ನೆಲೆಯನ್ನು ಮೊದಲು, ಪ್ರಾಣಿ ಮತ್ತು ಮನುಷ್ಯರೂಪಗಳನ್ನು ಆಮೇಲೆ ಬಣ್ಣಕ್ಕೆ ತರುತ್ತಾರೆ. ಒಡವೆ, ಸೀರೆಯ ಅಂಚು, ಪ್ರಭಾವಳಿ, ಕಮಾನುಗಳ ಮೇಲೆ ಗೆಸ್ಸೊ ಕೆಲಸ ಬರುತ್ತದೆ. ಗೆಸ್ಸೊ ಎಂದರೆ ಸಫೇದದಂಥ ಬಿಳಿಯ ಪುಡಿ, ಗಾಂಬೋಜ್ ಎಂಬ ಹಳದಿ ಮರರಾಳ ಮತ್ತು ಅಂಟು ಸೇರಿಸಿ ಅರೆದು ಮಾಡಿದ ಲೇಪ. ಅದನ್ನು ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಇಳಿಬಿಟ್ಟರೆ ಕಾಗದದ ಮೇಲೆ ತೆಳುವಾದ ಉಬ್ಬು ಮೂಡುತ್ತದೆ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪವಾಗಿ, ಹರಳುಗಳಿಂದ ತುಂಬಿ ಕಾಣುವಂತಿದ್ದರೆ ಮೈಸೂರಿನದು ಕಾಗದಕ್ಕೆ ಅಂಟಿಕೊಂಡಂತೆ ತಗ್ಗಾಗಿ ಉಳಿಯುತ್ತದೆ, ಮೈಸೂರಿನ ಸಂಯಮವೆಲ್ಲ ಆ ತಗ್ಗಿನಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗದು. ಚಿತ್ರ ಮುಗಿದಾಗ ಮೇಲೆ ತೆಳುಕಾಗದ ಇಟ್ಟು ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಈ ಕ್ರಮದಲ್ಲಿ ಎರಡು ಬಗೆಯ ಹಂತಗಳಿವೆ: ಒರೆಸಬಹುದಾದದ್ದು ಮತ್ತು ಒರೆಸಲಾಗದ್ದು. ಇದ್ದಿಲ ಗೆರೆ ಮೊದಲನೆಯದಕ್ಕೆ, ಬಣ್ಣದ ಮೇಲಿನ ಕಡೆಯ ರೇಖೆಯೂ ಗೆಸ್ಸೊ ಕೂಡ ಎರಡನೆಯದಕ್ಕೆ ಸೇರುತ್ತವೆ. ಕಲಾವಿದನ ಮನಸ್ಸು ಏಕಾಗ್ರವಾಗುವುದು ಒಂದರಿಂದ ಇನ್ನೊಂದಕ್ಕೆ ದಾಟುವ ಆ ಗಳಿಗೆಯಲ್ಲಿ.

ಡಿಜಿಟಲ್ ಸಲಕರಣೆಯ ಇತಿಹಾಸವನ್ನು ಚುಟುಕಾಗಿ ಹೇಳಿದರೆ ಸಾಕು. 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಸಲ್ಲಿಸಿದ ಸ್ಕೆಚ್‌ಪ್ಯಾಡ್ ಎಂಬ ಸಂಶೋಧನೆಯಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ನೇರವಾಗಿ ಗೆರೆ ಎಳೆಯಬಹುದು ಎಂಬುದನ್ನು ತೋರಿಸಿದರು. 1983ರಲ್ಲಿ ಜಪಾನಿನಲ್ಲಿ ಆರಂಭವಾದ ವಾಕಮ್ ಕಂಪನಿಯ ಪೆನ್ನುಗಳಿಂದ ಒತ್ತಡವನ್ನು ಗ್ರಹಿಸುವ ಟ್ಯಾಬ್ಲೆಟ್ಟುಗಳು ಕಲಾವಿದರಲ್ಲಿ ಬಳಕೆಗೆ ಬಂದವು: ಹಲಗೆಯ ಕೆಳಗಿನಿಂದ ಹೊರಡುವ ವಿದ್ಯುತ್ಕಾಂತೀಯ ಅಲೆಗೆ ಪೆನ್ನಿನೊಳಗಿನ ತಂತಿಸುರುಳಿ ಮರುದನಿ ಕೊಡುವುದರಿಂದ ಬ್ಯಾಟರಿಯಿಲ್ಲದ ಪೆನ್ನಿನ ಜಾಗವೂ ಒತ್ತಡವೂ ಯಂತ್ರಕ್ಕೆ ತಿಳಿಯುತ್ತವೆ. ಪರದೆಯ ಚಿತ್ರಗಳಲ್ಲಿ ಎರಡು ಜಾತಿ. ರಾಸ್ಟರ್ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಚೌಕಗಳ ಸಾಲಿನಿಂದ ಆದದ್ದು, ಕುಂಚದ ಕೆಲಸಕ್ಕೆ ಹತ್ತಿರವಾದದ್ದು. ಆದರೆ ಮೊದಲೇ ಸಾಕಷ್ಟು ಪಿಕ್ಸೆಲ್ ಇಟ್ಟುಕೊಳ್ಳದಿದ್ದರೆ ದೊಡ್ಡದು ಮಾಡಿದಾಗ ಅಂಚು ಒಡೆಯುತ್ತದೆ. ಎ3 ಅಳತೆಯ ಕಾಗದಕ್ಕೆ ಅಂಗುಲಕ್ಕೆ 300ರಂತೆ ಲೆಕ್ಕ ಹಾಕಿದರೆ 3508 ಅಡ್ಡ, 4961 ಉದ್ದ ಪಿಕ್ಸೆಲ್ ಬೇಕು. ವೆಕ್ಟರ್ ಚಿತ್ರ ಬಿಂದುಗಳನ್ನು ಸೇರಿಸುವ ವಕ್ರರೇಖೆಗಳ ಗಣಿತದಿಂದ ಆದದ್ದು, ಎಷ್ಟು ಹಿಗ್ಗಿಸಿದರೂ ಕೆಡದು. ಫ್ರಾನ್ಸಿನ ರೆನೊ ಕಾರು ಕಾರ್ಖಾನೆಯ ಎಂಜಿನಿಯರ್ ಪಿಯರ್ ಬೆಜಿಯೆ ಕಾರಿನ ಮೈತಿರುವುಗಳಿಗಾಗಿ ಬಳಕೆಗೆ ತಂದ ವಕ್ರರೇಖೆಗಳೇ ಅದರ ಆಧಾರ. ಮೈಸೂರಿನ ಬೀಟೆಮರದ ಕೆತ್ತುಕೂಡಿಕೆಗೆ, ಅಂದರೆ ಇನ್‌ಲೇ ಕೆಲಸಕ್ಕೆ ವಿನ್ಯಾಸ ಮಾಡುವವರಿಗೆ ವೆಕ್ಟರ್ ಹೇಳಿ ಮಾಡಿಸಿದಂತಿದೆ, ತುಂಡು ತುಂಡಾಗಿ ಕತ್ತರಿಸಿ ಜೋಡಿಸುವ ಯೋಚನೆ ಎರಡರಲ್ಲೂ ಒಂದೇ. ಚಿತ್ರಪಟದ ಕಲಾವಿದರು ಮಾತ್ರ ರಾಸ್ಟರಿನಿಂದ ಆರಂಭಿಸುವುದು ಒಳ್ಳೆಯದು.

ಕಲಿಕೆಯ ಮೊದಲ ಕಷ್ಟ ಗಾಜಿನದು. ಕಾಗದಕ್ಕೆ ಹಲ್ಲಿದೆ, ಕುಂಚದ ತುದಿಯನ್ನು ಅದು ಹಿಡಿದು ನಿಲ್ಲಿಸುತ್ತದೆ, ಆ ತಡೆಗೆ ಒಗ್ಗಿದ ಬೆರಳು ಗಾಜಿನ ಮೇಲೆ ಜಾರುತ್ತದೆ. ದೇವಿಯ ಮೇಲುರೆಪ್ಪೆಯ ಗೆರೆಯನ್ನೇ ನೋಡಬಹುದು. ಮೂಗಿನ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಹುಟ್ಟಿ, ಪಾಪೆಯ ಮೇಲೆ ಬರುವಾಗ ತುಂಬಿಕೊಂಡು, ಕಿವಿಯ ಕಡೆಗೆ ಸಾಗುತ್ತ ಮತ್ತೆ ಸಣ್ಣಗಾಗಿ ಇಲ್ಲವಾಗುವ ಈ ರೇಖೆಯನ್ನು ಪಳಗಿದ ಕೈ ಒಂದೇ ಉಸಿರಿನಲ್ಲಿ ಎಳೆಯುತ್ತದೆ. ಮೊಣಕೈ ನೆಲೆಯಾಗಿದ್ದು ಮಣಿಕಟ್ಟು ತಿರುಗುತ್ತದೆ, ಕುಂಚದ ಹೊಟ್ಟೆಯಲ್ಲಿರುವ ಬಣ್ಣದ ಪ್ರಮಾಣವೂ ಗೆರೆಯ ದಪ್ಪವನ್ನು ನಿರ್ಧರಿಸುತ್ತದೆ. ಡಿಜಿಟಲ್ ಪೆನ್ನಿನಲ್ಲಿ ಬಣ್ಣ ತುಂಬಿದ ಹೊಟ್ಟೆ ಇಲ್ಲ, ಇರುವುದು ಒತ್ತಡ ಮಾತ್ರ. ಈಗಿನ ಹಲವು ಪೆನ್ನುಗಳು 8192 ಹಂತಗಳ ಒತ್ತಡವನ್ನು ಗುರುತಿಸುತ್ತವೆ ಎಂದು ಕಂಪನಿಗಳು ಹೇಳಿಕೊಂಡರೂ ಆ ಹಂತಗಳು ಕೈಗೆ ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಸಾಫ್ಟ್‌ವೇರಿನ ಒತ್ತಡರೇಖೆ ಎಂಬ ಸೆಟ್ಟಿಂಗಿನಲ್ಲಿ ಕಲಾವಿದರೇ ಹೊಂದಿಸಿಕೊಳ್ಳಬೇಕು. ಹಗುರವಾಗಿ ಬರೆಯುವ ಮೈಸೂರು ಶೈಲಿಯ ಕೈಗೆ ಕಂಪನಿ ಇಟ್ಟುಕೊಟ್ಟ ಅಳತೆ ಒರಟಾಗಿ ಕಾಣುವುದು ಸಹಜ. ಅದನ್ನು ಹೊಂದಿಸದೆ ಹತ್ತಾರು ದಿನ ಪರದಾಡಿ, ಡಿಜಿಟಲ್ ತಮ್ಮಿಂದಾಗದು ಎಂದು ಕೈಬಿಡುವವರುಂಟು. ದೋಷ ಅವರ ಕೈಯಲ್ಲಿರುವುದಿಲ್ಲ. ಪರದೆಗೆ ಒರಟು ಮೈಯ ಹಾಳೆ ಅಂಟಿಸಿದರೆ ಜಾರುವುದು ಎಷ್ಟೋ ಕಡಿಮೆಯಾಗುತ್ತದೆ. ಪರದೆಯಿಲ್ಲದ ಅಗ್ಗದ ಟ್ಯಾಬ್ಲೆಟ್ಟಿನಲ್ಲಿ ಕೈ ಮೇಜಿನ ಮೇಲೂ ಕಣ್ಣು ಎದುರಿನ ಪರದೆಯಲ್ಲೂ ಇರುವುದರಿಂದ ಮೊದಲ ವಾರಗಳು ಕಠಿಣ, ಆದರೂ ಅಭ್ಯಾಸದಿಂದ ದಾಟಬಹುದಾದ ಕಷ್ಟ ಅದು.

ಸ್ಟೆಬಿಲೈಸರ್ ಎಂಬ ಸೌಲಭ್ಯದ ಬಗ್ಗೆ ಎಚ್ಚರದ ಮಾತು ಅವಶ್ಯ. ಕೈ ನಡುಗಿದರೂ ಗೆರೆಯನ್ನು ಸರಾಸರಿ ಮಾಡಿ ನಯಗೊಳಿಸುವ ಈ ಏರ್ಪಾಡು ಹೊಸಬರಿಗೆ ವರದಂತೆ ಕಾಣುತ್ತದೆ. ಆದರೆ ಮೈಸೂರು ರೇಖೆಯ ಜೀವ ಅದರ ವೇಗದ ಏರಿಳಿತದಲ್ಲಿದ್ದು, ಅತಿಯಾಗಿ ನಯಗೊಂಡ ಗೆರೆ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಎಳೆದಂತೆ ಕಾಣುವುದರಿಂದ ದೇವಿಯ ಕಣ್ಣು ಗೊಂಬೆಯ ಕಣ್ಣಾಗುತ್ತದೆ. ಅಭ್ಯಾಸದ ಕಾಲದಲ್ಲಿ ಅದನ್ನು ಪೂರ್ತಿ ಆರಿಸಿಡುವುದೇ ಲೇಸು. ಹಿಗ್ಗಿಸಿ ನೋಡುವ ಸೌಲಭ್ಯವೂ ಇಂಥದೇ ಪ್ರಲೋಭನೆ: ಕಾಗದದ ಮೇಲೆ ಮೂಗುತಿಯನ್ನು ಬರೆಯುವಾಗಲೂ ಇಡೀ ಮುಖ ಕಣ್ಣಿನ ಅಂಚಿನಲ್ಲಿ ಇದ್ದೇ ಇರುತ್ತದೆ, ಪರದೆಯಲ್ಲಿ ಮೂಗುತಿಯೊಂದೇ ತುಂಬಿಕೊಂಡು ಮುಖ ಮರೆಯಾಗುತ್ತದೆ. ಹಾಗೆ ಬರೆದ ಮೂಗುತಿ ಚೆನ್ನಾಗಿರುತ್ತದೆ, ಮುಖಕ್ಕೆ ಹೊಂದುವುದಿಲ್ಲ. ಇಡೀ ಚಿತ್ರವನ್ನು ಸಣ್ಣದಾಗಿ ತೋರಿಸುವ ಇನ್ನೊಂದು ಕಿಟಕಿಯನ್ನು ಸದಾ ತೆರೆದಿಡುವುದು ಇದಕ್ಕೆ ಪರಿಹಾರ.

ಕೆಲಸದ ಕ್ರಮ ಮತ್ತೆ ಮುಖ್ಯವಾಗುವುದು ಲೇಯರ್ ಮತ್ತು ಅನ್‌ಡೂ ಎಂಬ ಎರಡು ಸೌಲಭ್ಯಗಳಲ್ಲಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರ. 1994ರಲ್ಲಿ ಫೋಟೊಶಾಪ್ ಇದನ್ನು ಅಳವಡಿಸಿಕೊಂಡ ಮೇಲೆ ಡಿಜಿಟಲ್ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಅನ್‌ಡೂ ಎಂದರೆ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಇವೆರಡೂ ಸೇರಿ ಒರೆಸಲಾಗದ ಹಂತವನ್ನೇ ಚಿತ್ರಕಲೆಯಿಂದ ತೆಗೆದುಹಾಕುತ್ತವೆ. ಸಂಪ್ರದಾಯದ ಕಲಾವಿದರಿಗೆ ಇದು ಬಿಡುಗಡೆಯಂತೆ ತೋರಿದರೂ, ಎಳೆದ ಗೆರೆಯನ್ನು ಹಿಂದೆಗೆದು ಮತ್ತೆ ಎಳೆಯುವುದು ರೂಢಿಯಾದಾಗ ಯಾವ ಗೆರೆಗೂ ಪೂರ್ತಿ ಮನಸ್ಸು ಕೊಡದ ಅಭ್ಯಾಸ ಬೆಳೆಯುತ್ತದೆ, ಹತ್ತನೆಯ ಸಲ ಸರಿ ಬಂದ ಗೆರೆಯಲ್ಲಿ ಮೊದಲನೆಯದರ ನಿಶ್ಚಯ ಇರುವುದಿಲ್ಲ. ಆದ್ದರಿಂದ ಹಳೆಯ ಹಂತಗಳನ್ನು ಲೇಯರುಗಳಿಗೆ ಹೊಂದಿಸುವುದೇ ಸರಿಯಾದ ದಾರಿ ಎಂದು ತೋರುತ್ತದೆ: ಇದ್ದಿಲ ಗೆರೆಗೆ ಒಂದು ಲೇಯರ್, ಅಲ್ಲಿ ಎಷ್ಟು ಸಲ ಬೇಕಾದರೂ ಅನ್‌ಡೂ ಮಾಡಬಹುದು, ರೂಪ ನಿಶ್ಚಯವಾದೊಡನೆ ಅದಕ್ಕೆ ಬೀಗ ಹಾಕುವುದು, ಹಿನ್ನೆಲೆ, ಮೈಬಣ್ಣ, ವಸ್ತ್ರ ಇವಕ್ಕೆ ಕ್ರಮವಾಗಿ ಬೇರೆ ಬೇರೆ ಲೇಯರ್, ಕಡೆಯ ರೇಖೆಯ ಲೇಯರಿನಲ್ಲಿ ಮಾತ್ರ ಅನ್‌ಡೂ ಮುಟ್ಟದೆ ಬರೆಯುವ ನಿಯಮವನ್ನು ಕಲಾವಿದರು ತಾವೇ ಹಾಕಿಕೊಳ್ಳುವುದು. ಗೆರೆ ಕೆಟ್ಟರೆ ಆ ಅಂಗದ ರೇಖೆಯನ್ನೆಲ್ಲ ಅಳಿಸಿ ಮೊದಲಿನಿಂದ ಬರೆಯಬೇಕು. ಯಂತ್ರ ಕೇಳದ ಶಿಸ್ತನ್ನು ಕಲಾವಿದರು ತಾವಾಗಿ ಪಾಲಿಸುವುದು ಕಷ್ಟವೇ, ಆದರೆ ಸಂಗೀತಗಾರರು ಶ್ರುತಿಪೆಟ್ಟಿಗೆಯ ಎದುರು ಪಾಲಿಸುವ ಶಿಸ್ತೂ ಯಾರೂ ಬಲವಂತ ಮಾಡಿದ್ದಲ್ಲ.

ನಕಲು ಮಾಡುವ ಸೌಲಭ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಂಜೀಫಾ ಎಂಬ ಸಾಂಪ್ರದಾಯಿಕ ಇಸ್ಪೀಟಿನಂಥ ಆಟದ ದಶಾವತಾರದ ಎಲೆಗಳಲ್ಲಿ ಹತ್ತು ಅವತಾರಗಳಿಗೆ ಹತ್ತು ಗುಂಪು, ಪ್ರತಿ ಗುಂಪಿನಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಹೀಗೆ ಒಟ್ಟು 120 ಎಲೆಗಳಿವೆ. ಮತ್ಸ್ಯಾವತಾರದ ಗುಂಪಿನ ಒಂದರಿಂದ ಹತ್ತರವರೆಗಿನ ಎಲೆಗಳಿಗೇ 55 ಮೀನು ಬೇಕು. ಇಡೀ ಕಟ್ಟಿಗೆ ಇಂಥ 550 ಚಿಹ್ನೆಗಳನ್ನು ಬರೆಯಬೇಕು. ಡಿಜಿಟಲ್ ಕಲಾವಿದ ಒಂದು ಮೀನು ಬರೆದು ಉಳಿದ 54ನ್ನು ಕ್ಷಣದಲ್ಲಿ ಅಚ್ಚು ತೆಗೆಯಬಲ್ಲ. ಕೈಯಿಂದ ಬರೆದ 55 ಮೀನುಗಳಾದರೋ ಒಂದೇ ಜಾತಿಯವಾಗಿದ್ದೂ ಒಂದೊಂದೂ ಬೇರೆ ಕಡೆ ಬಾಲ ಬಳುಕಿಸುತ್ತವೆ. ಆಟದ ಎಲೆಗಳನ್ನು ನೂರಾರು ಕಟ್ಟು ಮುದ್ರಿಸಿ ಮಕ್ಕಳ ಕೈಗೆ ಕೊಡಬೇಕಾದಾಗ ಅಚ್ಚು ತೆಗೆಯುವುದು ತಪ್ಪಲ್ಲ. ಆದರೂ ನಾಲ್ಕೈದು ಬಗೆಯ ಮೀನನ್ನಾದರೂ ಬರೆದು ಬೆರೆಸಿದರೆ ಎಲೆಯಲ್ಲಿ ಉಸಿರಾಡುವ ಜಾಗ ಉಳಿಯುತ್ತದೆ.

ಬಣ್ಣದ ವಿಚಾರ ಬಂದಾಗ ಮೂಲಭೂತವಾದ ಭೇದ ಎದುರಾಗುತ್ತದೆ. ಕಾಗದದ ಬಣ್ಣ ಕೋಣೆಯ ಬೆಳಕನ್ನು ಹೀರಿ ಉಳಿದದ್ದನ್ನು ಕಣ್ಣಿಗೆ ಕಳಿಸುತ್ತದೆ. ಪರದೆ ತಾನೇ ಬೆಳಕು. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿಗೆ ತಲಾ 256 ಮೆಟ್ಟಿಲುಗಳಿರುವ ಸಾಮಾನ್ಯ ಪರದೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳನ್ನು ಕೊಡುತ್ತದೆ, ಮುದ್ರಣಕ್ಕೆ ಬಳಸುವ ನಾಲ್ಕು ಶಾಯಿಗಳಿಗೆ ಅವುಗಳಲ್ಲಿ ಬಹಳಷ್ಟು ನಿಲುಕುವುದಿಲ್ಲ. ಪರದೆಯಲ್ಲಿ ಕೃಷ್ಣನ ಮೈ ಮಿಂಚುವ ನೀಲಿಯಾಗಿ ಕಂಡು ಪ್ರೆಸ್ಸಿನಿಂದ ಬಂದಾಗ ಮಂಕಾಗಿರುವುದು ಈ ಕಾರಣಕ್ಕೆ. ಕೋಟಿ ಬಣ್ಣಗಳ ಮುಂದೆ ಕೈ ಚೆಲ್ಲುವ ಬದಲು ಕಲಾವಿದರು ತಾವು ಕಾಗದದ ಮೇಲೆ ಬಳಸುವ ಹತ್ತು ಹನ್ನೆರಡು ಬಣ್ಣಗಳನ್ನು ಸಣ್ಣ ಚೌಕಗಳಾಗಿ ಬಳಿದು, ಹಗಲು ಬೆಳಕಿನಲ್ಲಿ ಅವನ್ನು ಪರದೆಯ ಬಣ್ಣಗಳೊಂದಿಗೆ ಹೋಲಿಸಿ, ತಮ್ಮದೇ ಬಣ್ಣದ ಪಟ್ಟಿಯೊಂದನ್ನು ಮಾಡಿಕೊಂಡರೆ ಮೈಸೂರಿನ ತಂಪು ಪರದೆಗೂ ಬರುತ್ತದೆ.

ಬಾರದೆ ಉಳಿಯುವುದು ಚಿನ್ನ. ಚಿನ್ನ ಬಣ್ಣವಲ್ಲ, ನೋಡುವವರು ಕದಲಿದಂತೆ ಕದಲುವ ಬೆಳಕು. ದೇವರಮನೆಯಲ್ಲಿ ದೀಪ ಅಲುಗಿದರೆ ಪ್ರಭಾವಳಿ ಅಲುಗುತ್ತದೆ. ಪರದೆಯಲ್ಲಿ ಹಳದಿಯಿಂದ ಕಂದಿಗೆ ಇಳಿಯುವ ಛಾಯೆ ತುಂಬಿ, ಬಿಳಿಯ ಮಿಂಚು ಇಟ್ಟು ಚಿನ್ನವೆನ್ನಿಸುವ ಪ್ರಯತ್ನ ಎಲ್ಲೆಡೆ ನಡೆದಿದೆ. ಆ ಮಿಂಚು ಒಂದೇ ಕಡೆ ಶಾಶ್ವತವಾಗಿ ನಿಂತುಬಿಡುವುದರಿಂದ ಒಡವೆ ಪ್ಲಾಸ್ಟಿಕ್ಕಿನಂತೆ ತೋರುತ್ತದೆ. ಇದಕ್ಕಿಂತ ಚಿನ್ನದ ಜಾಗವನ್ನು ಸಪಾಟಾದ ಹೊಂಬಣ್ಣದಲ್ಲಿ ಬಿಟ್ಟು, ಅದರ ಮೇಲಿನ ಚಿತ್ತಾರವನ್ನು ರೇಖೆಯಲ್ಲಿ ಮಾತ್ರ ತೋರಿಸುವುದು ಹೆಚ್ಚು ಪ್ರಾಮಾಣಿಕವಾದ ಪರಿಹಾರ. ಇನ್ನೂ ಒಳ್ಳೆಯದೊಂದು ದಾರಿಯಿದೆ: ರಚನೆ, ಅಳತೆ, ರೂಪರೇಖೆಗಳನ್ನು ಪರದೆಯಲ್ಲಿ ನಿಶ್ಚಯಿಸಿ, ಅದನ್ನು ಒಳ್ಳೆಯ ಕಾಗದಕ್ಕೆ ತಿಳಿಯಾಗಿ ಮುದ್ರಿಸಿಕೊಂಡು, ಬಣ್ಣ, ಗೆಸ್ಸೊ, ರೇಕುಗಳನ್ನು ಕೈಯಿಂದಲೇ ಮಾಡುವುದು. ಇದ್ದಿಲ ಹಂತ ಪರದೆಗೆ ಹೋಗುತ್ತದೆ, ಉಳಿದದ್ದು ಹಲಗೆಯ ಮೇಲೆ ಉಳಿಯುತ್ತದೆ.

ಈ ಉಪನ್ಯಾಸ ನಡೆಯುತ್ತಿರುವ ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ಈ ವಿಷಯವನ್ನು ಎತ್ತಿದಾಗ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ತಗಡೂರು ರಾಮಚಂದ್ರರಾಯರು ಖಾದಿ ಕೆಲಸವನ್ನು ಬೇರೂರಿಸಿದ ಊರಿದು. ಇದೇ ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ ಬಂದಿದ್ದರು, 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಅದೇ ಬದನವಾಳನ್ನು ಆರಿಸಿಕೊಂಡರು, 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿಯನ್ನು ವಿರೋಧಿಸಿ ಕರನಿರಾಕರಣೆಗೆ ಕರೆಕೊಟ್ಟರು. ಕೈಯಿಂದ ಮಾಡಿದ್ದು ಯಾವುದು, ಯಂತ್ರದಿಂದ ಆದದ್ದು ಯಾವುದು ಎಂಬ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ಕೇಳಿದ ನೆಲದಲ್ಲಿ ಡಿಜಿಟಲ್ ಚಿತ್ರವನ್ನು ಎಲ್ಲಿಡಬೇಕು? ಗಾಂಧೀಜಿ 1924ರಲ್ಲಿ ಯಂತ್ರಗಳ ಬಗ್ಗೆ ಮಾತನಾಡುವಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮನುಷ್ಯನ ಕೈಯನ್ನು ನಿರುಪಯೋಗಿ ಮಾಡುವ ಯಂತ್ರ ಬೇರೆ, ಕೈಗೆ ನೆರವಾಗುವ ಸಲಕರಣೆ ಬೇರೆ ಎಂಬುದು ಅದರ ಹಿಂದಿನ ವಿವೇಚನೆ. ಪೆನ್ನು ಹಿಡಿದು ಗೆರೆ ಎಳೆಯುವ ಡಿಜಿಟಲ್ ಕಲಾವಿದರ ಕೈ ದುಡಿಯುತ್ತಲೇ ಇರುತ್ತದೆ, ಅದು ಎರಡನೆಯ ಗುಂಪಿನದು. ಆದರೆ ಆ ಕೆಲಸದಿಂದ ಹೊರಬಂದ ಮುದ್ರಿತ ಪ್ರತಿ ಕೈಯಿಂದ ಮಾಡಿದ ವಸ್ತುವಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ; ನಿರ್ದಿಷ್ಟ ಪ್ರದೇಶದ ನಿರ್ದಿಷ್ಟ ವಿಧಾನದಿಂದ ಆದ ವಸ್ತುವಿಗೆ ಕಾನೂನು ಕೊಡುವ ಆ ಹೆಸರನ್ನು ಡಿಜಿಟಲ್ ಮುದ್ರಣದ ಪ್ರತಿಗೆ ಅಂಟಿಸಿ ಮಾರುವುದು ಕೊಳ್ಳುವವರಿಗೂ, ವಾರಗಟ್ಟಲೆ ಕೂತು ಗೆಸ್ಸೊ ಎಳೆಯುವ ಸಹಕಲಾವಿದರಿಗೂ ಮಾಡುವ ಅನ್ಯಾಯ. ಡಿಜಿಟಲ್ ಚಿತ್ರವನ್ನು ಡಿಜಿಟಲ್ ಚಿತ್ರವೆಂದೇ ಬರೆದು ಮಾರಬೇಕು, ಅದರಲ್ಲಿ ಸಂಕೋಚಪಡುವಂಥದು ಏನೂ ಇಲ್ಲ.

ಖಾದಿಯ ಚಿಂತನೆಯಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ. ಅದು ಸಲಕರಣೆಯ ಒಡೆತನ. ಅಡೋಬಿ ಕಂಪನಿ 2013ರಿಂದ ತನ್ನ ಚಿತ್ರರಚನೆಯ ಸಾಫ್ಟ್‌ವೇರುಗಳ ಹೊಸ ಆವೃತ್ತಿಗಳನ್ನು ಮಾರುವುದನ್ನು ಬಿಟ್ಟು ಬಾಡಿಗೆಯಂತೆ ಚಂದಾಕ್ಕೆ ಕೊಡತೊಡಗಿತು, ಚಂದಾ ನಿಂತರೆ ಸಲಕರಣೆಯೂ ನಿಲ್ಲುತ್ತದೆ. ರಾಸ್ಟರ್ ಕೆಲಸಕ್ಕೆ ಕ್ರಿತಾ, ವೆಕ್ಟರ್ ಕೆಲಸಕ್ಕೆ ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶಗಳು ಯಾವ ಚಂದಾವೂ ಇಲ್ಲದೆ ದೊರೆಯುತ್ತವೆ, ಹಳೆಯ ಕಂಪ್ಯೂಟರಿನಲ್ಲೂ ತಕ್ಕಮಟ್ಟಿಗೆ ನಡೆಯುತ್ತವೆ. ತಿಂಗಳ ವರಮಾನ ನಿಶ್ಚಿತವಿಲ್ಲದ ಕಲಾವಿದರಿಗೆ ಇವುಗಳಿಂದ ಕಲಿಕೆ ಆರಂಭಿಸುವಂತೆ ಹೇಳುವುದು ಹಿತವಾದ ಸಲಹೆ. ವಯಸ್ಸಾಯಿತು ಎಂದು ಹಿಂಜರಿಯುವವರು ಡೇವಿಡ್ ಹಾಕ್ನಿಯವರನ್ನು ನೆನೆಯಬಹುದು. 1937ರಲ್ಲಿ ಹುಟ್ಟಿದ ಆ ಬ್ರಿಟಿಷ್ ಚಿತ್ರಕಾರರು ಎಪ್ಪತ್ತು ದಾಟಿದ ಮೇಲೆ ಐಪ್ಯಾಡ್ ಹಿಡಿದು, 2011ರಲ್ಲಿ ಯಾರ್ಕ್‌ಷೈರಿನ ರಸ್ತೆಯೊಂದರ ವಸಂತಾಗಮನವನ್ನು ಅದರಲ್ಲಿಯೇ ಸರಣಿಯಾಗಿ ಬರೆದರು.

ಪದಗಳನ್ನು ಕೊಟ್ಟರೆ ಚಿತ್ರ ಮಾಡಿಕೊಡುವ ಯಂತ್ರಗಳು ಬಂದಿರುವಾಗ ಕೈಯಿಂದ ಡಿಜಿಟಲ್ ಚಿತ್ರ ಬರೆಯುವುದನ್ನು ಏಕೆ ಕಲಿಯಬೇಕು ಎಂದು ಕೇಳುವವರಿಗೆ ಲಕ್ಷಣಶಾಸ್ತ್ರವೇ ಉತ್ತರ ಕೊಡುತ್ತದೆ. ಅಂಥ ಯಂತ್ರಗಳು ಲೆಕ್ಕವಿಲ್ಲದಷ್ಟು ಚಿತ್ರಗಳ ಹೋಲಿಕೆಯಿಂದ ಚಿತ್ರ ಕಟ್ಟುತ್ತವೆಯೇ ಹೊರತು ಧ್ಯಾನಶ್ಲೋಕದಿಂದಲ್ಲ. ಗಣಪತಿಯ ಚಿತ್ರದಲ್ಲಿ ಪಾಶ ಇರಬೇಕಾದ ಕೈಯಲ್ಲಿ ಕಮಲ, ಮುರಿದ ದಂತದ ಜಾಗದಲ್ಲಿ ಇಡೀ ದಂತ ಬಂದರೆ ಅದು ತಪ್ಪೆಂದು ಗುರುತಿಸಬಲ್ಲವರು ಆ ಲಕ್ಷಣವನ್ನು ಕಲಿತವರು ಮಾತ್ರ. ಸಂಪ್ರದಾಯದ ಕಲಾವಿದರು ಡಿಜಿಟಲ್ ಲೋಕಕ್ಕೆ ಬಾರದೆ ದೂರ ಉಳಿದರೆ, ನಾಳಿನ ಮಕ್ಕಳು ನೋಡುವ ದೇವತಾಚಿತ್ರಗಳನ್ನು ತಿದ್ದಲು ತಿಳಿದವರೇ ಇಲ್ಲದಂತಾಗುತ್ತದೆ.

ಕಡೆಯದಾಗಿ ಫೈಲನ್ನು ಉಳಿಸುವ ವಿಚಾರ. ಮುಗಿದ ಮೈಸೂರು ಚಿತ್ರ ತನ್ನ ಹಂತಗಳನ್ನು ಮುಚ್ಚಿಡುತ್ತದೆ. ಗೆಸ್ಸೊದ ಕೆಳಗೆ ಬಣ್ಣ, ಬಣ್ಣದ ಕೆಳಗೆ ಇದ್ದಿಲ ಗೆರೆ ಹೂತುಹೋಗಿರುತ್ತವೆ, ಹಳೆಯ ಪಟವನ್ನು ನೋಡಿ ಕಲಿಯುವವರು ಅವನ್ನು ಊಹಿಸಿಕೊಳ್ಳಬೇಕು. ಲೇಯರುಗಳನ್ನು ಬೇರೆ ಬೇರೆಯಾಗಿಯೇ ಉಳಿಸಿದ ಡಿಜಿಟಲ್ ಫೈಲ್ ಆ ಹಂತಗಳನ್ನು ಒಂದೊಂದಾಗಿ ತೆರೆದು ತೋರಿಸಬಲ್ಲದು. ಆದರೆ ಹೆಚ್ಚಿನ ಕಲಾವಿದರು ಕೆಲಸ ಮುಗಿದೊಡನೆ ಎಲ್ಲವನ್ನೂ ಒಂದೇ ಪದರಕ್ಕೆ ಇಳಿಸಿ, ಸಣ್ಣ ಜೆಪೆಗ್ ಪ್ರತಿಯೊಂದನ್ನು ಪ್ರಕಾಶಕರಿಗೆ ಕಳಿಸಿ, ಮೂಲ ಫೈಲನ್ನು ಜಾಗವಿಲ್ಲವೆಂದು ಅಳಿಸಿಬಿಡುತ್ತಾರೆ. ಜೆಪೆಗ್ ಎಂಬುದು ಗಾತ್ರ ಕುಗ್ಗಿಸಲು ಚಿತ್ರದ ವಿವರವನ್ನು ಕಳೆಯುವ ರೂಪ, ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಇನ್ನಷ್ಟು ಕಳೆಯುತ್ತದೆ. ಸಂಗ್ರಹಕ್ಕೆ ಅದು ಸಲ್ಲದು. ಮೂಲ ಫೈಲಿನ ಪ್ರತಿ ಲೇಯರಿಗೂ ಹಿನ್ನೆಲೆ, ಮೈಬಣ್ಣ, ವಸ್ತ್ರ, ಒಡವೆ, ಕಡೆಯ ರೇಖೆ ಎಂದು ಕನ್ನಡದಲ್ಲಿ ಹೆಸರಿಟ್ಟು, ಆಧಾರವಾದ ಧ್ಯಾನಶ್ಲೋಕವನ್ನೂ ಬಳಸಿದ ಬಣ್ಣಗಳ ಪಟ್ಟಿಯನ್ನೂ ಅದೇ ಕಡತದಲ್ಲಿ ಸೇರಿಸಿ, ಎರಡು ಬೇರೆ ಡಿಸ್ಕುಗಳಲ್ಲಿ ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಸಂಸ್ಥೆ ಇಂಥ ಫೈಲುಗಳನ್ನು ಕಲಾವಿದರಿಂದ ಪಡೆದು, ಅವರ ಹಕ್ಕಿಗೆ ಚ್ಯುತಿ ಬಾರದಂತೆ, ವಿದ್ಯಾರ್ಥಿಗಳು ತೆರೆದು ನೋಡುವ ಏರ್ಪಾಡು ಮಾಡಿದರೆ, ತಗಡೂರಿನಲ್ಲಿ ಕೂತು ಕಲಿಯುವ ಹುಡುಗಿಯೊಬ್ಬಳು ಹಿರಿಯ ಕಲಾವಿದರ ಕಡೆಯ ರೇಖೆಯ ಲೇಯರನ್ನು ಮುಚ್ಚಿ ಅದರ ಕೆಳಗಿನ ಇದ್ದಿಲ ಗೆರೆ ಎಲ್ಲಿ ಹೊರಳಿತ್ತು, ರೇಖೆ ಅದನ್ನು ಎಲ್ಲಿ ಬಿಟ್ಟು ನಡೆಯಿತು ಎಂಬುದನ್ನು ತಾನೇ ಪರೀಕ್ಷಿಸಿ ನೋಡಬಹುದು.